ಪಾಠಕ್ಕಾಗಿ ನಿಂತ ಮಗ್ಗ

ನೇಕಾರರ ಊರೊಂದರಲ್ಲಿ ನಾನು ಗಣಿತ ಶಿಕ್ಷಕಿ. ಇಪ್ಪತ್ತೆರಡು ವರ್ಷ ಕಪ್ಪುಹಲಗೆಯ ಮುಂದೆ ನಿಂತವಳು, ಕೊರೊನಾ ವರ್ಷ ಫೋನಿನ ಮುಂದೆ ಕೂತೆ...

ಏಳನೇ ತರಗತಿಯ ಬನಶ್ರೀ ಆನ್‌ಲೈನ್ ಕ್ಲಾಸಿಗೆ ಬಂದಳೆಂದರೆ ಅವರ ಮನೆಯ ಮಗ್ಗವೂ ಜೊತೆಗೆ ಬರುತ್ತಿತ್ತು. ಟಕ್ ಟಕ್... ಟಕ್ ಟಕ್...

ಒಂದು ದಿನ ತಾಳ್ಮೆ ತಪ್ಪಿತು.

"ಏನವಾ ಬನಶ್ರೀ, ನಿಮ್ಮ ಮನ್ಯಾಗ ರೈಲು ಓಡಸ್ತಾರೇನ? ನಾಳಿಂದ ಈ ಸಪ್ಪಳ ಕೇಳಬಾರದು ನೋಡು."

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ.

ಮರುದಿನದಿಂದ ಆ ಮನೆ ನಿಶ್ಶಬ್ದ... ಮಾತು ಕೇಳುವ ಹುಡುಗಿ ಎಂದುಕೊಂಡೆ.

ತಿಂಗಳ ಮೇಲೆ, ಎಲ್ಲರ ಮೈಕನ್ನೂ ನನ್ನ ಫೋನಿನಿಂದಲೇ ಮ್ಯೂಟ್ ಮಾಡುವುದನ್ನು ಕಲಿತೆ. ಮಕ್ಕಳಿಗೆ ಹೇಳಲಿಲ್ಲ. ಹೇಳುವಂಥದ್ದೇನಿದೆ ಅನ್ನಿಸಿತ್ತು.

ಶಾಲೆ ತೆರೆಯಿತು... ಬನಶ್ರೀ ಬರಲಿಲ್ಲ. ಹುಡುಕಿಕೊಂಡು ಮನೆಗೆ ಹೋದೆ.

ಅವಳು ತಾಯಿಯ ಪಕ್ಕ ಕೂತು ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ಮಗ್ಗವಿದ್ದ ಜಾಗ ಖಾಲಿ.

"ಮಗ್ಗ ಎಲ್ಲಿ ಅಣ್ಣಾರ?" ಎಂದು ತಂದೆಯನ್ನು ಕೇಳಿದೆ.

"ಸಾವುಕಾರ್ರು ಸಾಲಕ್ಕ ಒಯ್ದ್ರು ಅಕ್ಕಾರ. ಸೀರಿ ಹೇಳಿದ ದಿನಕ್ಕ ಮುಗೀಲಿಲ್ಲ. ನೀವು ಸಪ್ಪಳ ಬ್ಯಾಡ ಅಂದಿದ್ರಲ್ರಿ... ದಿನಾ ಮುಂಜಾನಿಂದ ಆಕಿ ಪಾಠ ಎಲ್ಲಾ ಮುಗಿಯೂತನಕ ನಿಲ್ಲಿಸ್ತಿದ್ವಿ. ಓದೂ ಹುಡುಗಿ, ಓದ್ಲಿ ಅಂತ."

"ಮೈಕ್ ಬಂದ್ ಮಾಡಬೇಕಿತ್ತಲ್ಲ ಬನಶ್ರೀ?"

"ಅದು ಹೆಂಗ್ರಿ ಅಕ್ಕಾರ?"

ಫೋನ್ ತೆಗೆದು ತೋರಿಸಿದೆ. ಒಂದೇ ಬೆರಳು... ಒಂದೇ ಕ್ಷಣ.

ತಂದೆ ಬಹಳ ಹೊತ್ತು ಆ ಪರದೆಯನ್ನೇ ನೋಡಿದರು.

"ಅಂದ್ರ... ಮಗ್ಗ ನಡದಿದ್ರೂ ನಿಮಗ ಕೇಳ್ತಿರಲಿಲ್ಲೇನ್ರಿ?"

ಕೇಳುತ್ತಿರಲಿಲ್ಲ ಎಂದು ಒಪ್ಪಿಕೊಂಡೆ. ತಾಯಿಯೇ ನನ್ನನ್ನು ಸಮಾಧಾನ ಮಾಡಿದರು. "ಇರ್ಲಿ ಬಿಡ್ರಿ. ನಿಮಗರ ಏನ್ ಗೊತ್ತು. ಚಾ ಕುಡೀರಿ."

"ನಾಳಿಂದ ಶಾಲಿಗೆ ಕಳಸ್ರಿ ಅಣ್ಣಾರ. ಎಲ್ಲಾ ನಾ ನೋಡ್ಕೋತೀನಿ."

"ಈಗ ಮಂದಿ ನೂಲು ಕೂಲಿಗೆ ಸುತ್ತತೀವ್ರಿ. ಆಕಿ ಕೈ ನಿಂತ್ರ ಒಲಿ ಹತ್ತೂದಿಲ್ರಿ."

ಬನಶ್ರೀ ಮೆಲ್ಲಗೆ ಕೇಳಿದಳು: "ಬೀಜಗಣಿತ ಸುರು ಆತೇನ್ರಿ ಅಕ್ಕಾರ?"

ಆಯಿತು ಎಂದೆ. ಅವಳು ತಲೆ ತಗ್ಗಿಸಿ ಮತ್ತೆ ರಾಟೆ ತಿರುಗಿಸಿದಳು...

ಅಂದು ಸಂಜೆ ದೇವರ ಮುಂದೆ ದೀಪ ಹಚ್ಚಿದೆ. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಕ್ಷಮಿಸಬೇಕಾದವರು ಆಗಲೇ ಚಹಾ ಕೊಟ್ಟು ಕಳಿಸಿದ್ದರು.

ಗುರುವಿನ ಮಾತನ್ನು ಬಡವರು ದೇವರ ಅಪ್ಪಣೆಯೆಂದೇ ಪಾಲಿಸುತ್ತಾರೆ. ಬೇಡ ಎನ್ನುವ ಮೊದಲು ದಾರಿ ತೋರಿಸಬೇಕು.

ನಮ್ಮ ಒಂದು ಗದರಿಕೆಗೆ ಸುಮ್ಮನಾದವರು ಏನನ್ನು ಬಿಟ್ಟುಕೊಟ್ಟು ಸುಮ್ಮನಾದರು... ನಾವು ಎಂದಾದರೂ ಹೋಗಿ ಕೇಳಿದ್ದೇವೆಯೇ?