ಮಂಟಪದ ಬೆಳಕು

ಮಗಳ ಮದುವೆಗೆ ಬೆಳಕು ಸಾಲದೆಂದು ಬೆಳಿಗ್ಗೆ ಗೊಣಗಿದವಳು ಅಂಬುಜಾಕ್ಷಿಯೇ. ಈಗ ಮಂಟಪ ಝಗಮಗಿಸುತ್ತಿತ್ತು. ಛತ್ರದವರಿಗೆ ಒಂದು ಒಳ್ಳೆಯ ಮಾತು ಹೇಳೋಣವೆಂದು ಹಿಂದಿನ ಕೋಣೆಗೆ ಹೋದರೆ, ತುಪ್ಪದ ಘಮದ ನಡುವೆ ಸುಟ್ಟ ಚರ್ಮದ ವಾಸನೆ ಮೂಗಿಗೆ ಬಡಿಯಿತು.

ಎಲ್ಲ ಛತ್ರಗಳಲ್ಲಿರುವಂತೆ ಅಲ್ಲಿಯೂ ಬೆಳಕಿನಾಳುಗಳು ಸಾಲಾಗಿ ಕುಳಿತು ತಾಮ್ರದ ತಟ್ಟೆಗಳ ಮೇಲೆ ಅಂಗೈ ಊರಿದ್ದರು. ತಟ್ಟೆಗಳಿಗೆ ತಂತಿ ಜೋಡಿಸಿದ್ದ ಗೋಡೆಯ ಡಬ್ಬಿ, ಎಲ್ಲರ ಮನೆಯಲ್ಲಿರುವ ಡಬ್ಬಿಯಂತೆಯೇ, ಕೈಯೂರಿದವರ ಮೈಯ ಅಲ್ಪ ವಿದ್ಯುತ್ತನ್ನು ಸುರುಳಿಗೆ ಎಳೆದುಕೊಂಡು, ಮಿತಿ ಮುಟ್ಟಿದೊಡನೆ ನಿಲ್ಲಿಸಿ, ಒತ್ತಡ ಏರಿಸಿ ದೀಪಗಳತ್ತ ಚಿಮ್ಮಿಸಬೇಕು. ಆಮೇಲೆ ಮತ್ತೆ ಎಳೆಯಬೇಕು. ಆದರೆ ಮಿತಿ ಕಾಯುವ ತುಣುಕಿಗೆ ಯಾರೋ ಅಡ್ಡತಂತಿ ಕಟ್ಟಿದ್ದರು. ತಾನೆಷ್ಟು ಎಳೆಯುತ್ತಿದ್ದೇನೆಂಬುದು ಡಬ್ಬಿಗೇ ಕಾಣುತ್ತಿರಲಿಲ್ಲ; ಅದು ಎಳೆಯುವುದನ್ನು ನಿಲ್ಲಿಸುತ್ತಲೂ ಇರಲಿಲ್ಲ.

ಮುದುಕಿ ಪುಟ್ಟತಾಯಿಯ ಕೈ ಕಪ್ಪಿಟ್ಟಿತ್ತು. ಪಕ್ಕದ ಖಾದರ್ ತನ್ನ ಇನ್ನೊಂದು ಕೈಯನ್ನು ಅವಳ ತಟ್ಟೆಗೇ ಒತ್ತಿ, ಅವಳ ಪಾಲನ್ನು ಹಂಚಿಕೊಂಡಿದ್ದ.

"ಏನ್ರೀ ಇದು ಅಸಹ್ಯ?" ಎಂದಳು ಅಂಬುಜಾಕ್ಷಿ, ಬಾಗಿಲಲ್ಲಿ ನಿಂತಿದ್ದ ಛತ್ರದ ಮ್ಯಾನೇಜರ್ ಷಡಕ್ಷರಿಗೆ.

"ನೀವೇ ಅಲ್ವಾ ತಾಯಿ, ಬೆಳಕು ಸಾಲ್ದು ಅಂದಿದ್ದು?" ಅವನು ಹೋಳಿಗೆ ಅಗಿಯುತ್ತಲೇ ಹೇಳಿದ. "ಎಲ್ರೂ ಹಂಗೇ ಕೇಳ್ತಾರೆ. ಅಜ್ಜಿಗೂ ಎರಡು ಹೋಳಿಗೆ ಹಾಕಿಸ್ತೀನಿ ಬಿಡಿ."

ಅಂಬುಜಾಕ್ಷಿ ಕೈಗೆ ಸೆರಗು ಸುತ್ತಿಕೊಂಡು ಆ ಅಡ್ಡತಂತಿಯನ್ನು ಕಿತ್ತೆಸೆದಳು. ಮಂಟಪ ಮಂಕಾಯಿತು.

"ತಾಳಿ ಕಟ್ಟೋ ಹೊತ್ನಲ್ಲಿ ಯಾರ್ರೀ ಲೈಟ್ ಕಮ್ಮಿ ಮಾಡಿದ್ದು?" ಬೀಗರು ಮಂಟಪದಿಂದಲೇ ಕೂಗಿದರು.

"ನಾನೇ. ಇರೋ ಬೆಳಕಲ್ಲೇ ಕಟ್ಟಿಸಿ."

ಪುಟ್ಟತಾಯಿಯನ್ನು ಎಬ್ಬಿಸಿ, ಬಳೆ ಹಿಂದೆ ಸರಿಸಿ ತಾನು ಅಲ್ಲಿ ಕುಳಿತಳು. ತಟ್ಟೆ ಇನ್ನೂ ಬಿಸಿಯಿತ್ತು. ಅದಕ್ಕೆ ಅಂಟಿದ್ದ ಮುದುಕಿಯ ಚರ್ಮದ ಮೇಲೆಯೇ ಮದರಂಗಿಯ ಅಂಗೈ ಊರಿದಳು.