ಪೆಟ್ಟಿಗೆಯ ತಳದ ನೇರಳೆ

ಗಂಟು ಪೂರ್ತಿ ಉರಿದು ಬೂದಿಯಾಗುವವರೆಗೂ ಉರ್ಸೀನ ಒಲೆಯ ಮುಂದಿನಿಂದ ಕದಲಲಿಲ್ಲ. ಹೊರಗೆ ಚಕ್ರವರ್ತಿಯ ರಾಜಧಾನಿ ಟ್ರಿಯರ್ ಹೊಸ ವರ್ಷದ ಗದ್ದಲದಲ್ಲಿತ್ತು. ಗಂಡ ಬೌದಮಾರ್ ಬೆಳಗ್ಗೆಯೇ ಅರಮನೆಗೆ ಹೋಗಿದ್ದ.

ಗಂಟು ಸಿಕ್ಕಿದ್ದು ಅವನ ಪೆಟ್ಟಿಗೆಯ ತಳದಲ್ಲಿ. ಅರಿವೆಯೊಳಗಿಟ್ಟು ಹೊಲಿದಿದ್ದರು. ಹೊಲಿಗೆಯ ಸಂದಿಯಲ್ಲಿ ನೇರಳೆ ಇಣುಕಿತು. ಬಿಚ್ಚಿ ನೋಡುವ ಧೈರ್ಯ ಅವಳಿಗಾಗಲಿಲ್ಲ. ನೇರಳೆ ಚಕ್ರವರ್ತಿಯ ಬಣ್ಣ. ಬೇರೆಯವರ ಮನೆಯಲ್ಲಿ ಅಂಗೈಯಗಲ ಸಿಕ್ಕರೂ ರಾಜದ್ರೋಹ. ಬೌದಮಾರನಿಗಿಂತ ಮುಂಚಿನ ಇಬ್ಬರು ದಂಡನಾಯಕರ ತಲೆ ಉರುಳಿದ್ದು ಹಾಗೆಯೇ.

ರೈನ್ ನದಿಯಾಚೆಯಿಂದ ಬಂದ ಫ್ರಾಂಕ್ ಬುಡಕಟ್ಟಿನವನು ಅವನು. ಕುದುರೆ ತೊಳೆಯಲು ಸೇರಿ, ಮೂವತ್ತು ವರ್ಷದಲ್ಲಿ ದಂಡನಾಯಕನಾಗಿದ್ದ. ಒಂದೊಂದು ಯುದ್ಧಕ್ಕೂ ಅತ್ತು ಕಳಿಸಿ ಅವಳ ಕಣ್ಣೀರು ಎಂದೋ ಬತ್ತಿತ್ತು. ಮಗ ಸತ್ತ ಸುದ್ದಿ ಬಂದಾಗಲೂ ಅಳು ಬರಲಿಲ್ಲ. ಈಗಲೂ ಅಷ್ಟೆ. ಕೈಗಳು ತಮ್ಮ ಪಾಡಿಗೆ ಕೆಲಸ ಮುಗಿಸಿದವು.

ಅವನು ಪಟ್ಟಕ್ಕೇ ಕೈಹಾಕುತ್ತಿದ್ದಾನೆಂಬ ಗುಮಾನಿ ವಾರದಿಂದಲೂ ಇತ್ತು. ಅವನು ಬಾಗಿಲು ಹಾಕಿಕೊಂಡು ಭಾಷಣ ಉರುಹೊಡೆಯುತ್ತಿದ್ದ. ದಂತದ ಕೆತ್ತನೆಗಾರನೊಬ್ಬ ಹಿತ್ತಿಲಿನಿಂದ ಬಂದು ಅವನ ಮುಖ ಬರೆದುಕೊಂಡು ಹೋಗಿದ್ದ.

"ನಿಮ್ಮ ಮೋರೆ ಯಾರಿಗ್ರೀ ಬೇಕು?" ಎಂದಿದ್ದಳು.

"ಒಂದ್ ವಾರ ತಡಿಯೇ. ದೊಡ್ಡೋರ್ ಮನೆಮನೇಲೂ ಇಟ್ಕೋತಾರೆ!" ಎಂದು ನಕ್ಕಿದ್ದ.

ಅಂಗಳದಲ್ಲಿ ಕುದುರೆಗಳು ನಿಂತವು. ಅರಮನೆಯ ಅಧಿಕಾರಿಯೊಡನೆ ಬೌದಮಾರ್ ಒಳಗೆ ಬಂದ. ಸೊಂಟದಲ್ಲಿ ಕತ್ತಿಯಿಲ್ಲ, ಸೇನೆಯ ಸೊಂಟಪಟ್ಟಿಯೂ ಇಲ್ಲ. ಹಿಡಿದು ಬಿಚ್ಚಿಸಿಕೊಂಡಿದ್ದಾರೆ ಎಂದುಕೊಂಡಳು.

"ಅಮ್ಮಾ, ಯಜಮಾನರ ಪೆಟ್ಟಿಗೆ ಎಲ್ಲಿದೆ?" ಎಂದ ಅಧಿಕಾರಿ.

"ಒಳಗಿದೆ ಸ್ವಾಮಿ. ತಳದವರೆಗೂ ನೋಡ್ಕೊಳ್ಳಿ."

ಅಧಿಕಾರಿ ಬಾಗಿಲಲ್ಲೇ ನಿಂತ. ಬೌದಮಾರನೇ ಪೆಟ್ಟಿಗೆ ತೆರೆದು ತಡಕಾಡಿದ. ಅವನ ಮುಖ ಬಿಳಿಚಿಕೊಂಡಿತು.

"ಎಲ್ಲೇ ಅದು?"

"ಸುಟ್ಟುಬಿಟ್ಟೆ," ಎಂದು ಅವನ ಕಿವಿಯಲ್ಲಿ ಉಸುರಿದಳು. "ಇನ್ನು ನಿಮ್ಮ ಕೂದಲೂ ಕೊಂಕಲ್ಲ." ಎಷ್ಟೋ ವರ್ಷಗಳ ಮೇಲೆ ಅವಳಿಗೆ ಅವನ ಮೇಲೆ ಪ್ರೀತಿ ಬಂತು.

"ಸೇನೆಯ ಕತ್ತಿ, ಪಟ್ಟಿ ಬಿಚ್ಚಿಟ್ಟಿದ್ದಾಯ್ತಲ್ಲ, ಬೇಗ ಉಟ್ಕೊಳ್ಳಿ ಸ್ವಾಮಿ," ಬಾಗಿಲಿನಿಂದ ಅಧಿಕಾರಿ ಕೂಗಿದ. "ಸಾಮ್ರಾಜ್ಯದ ಅತಿ ದೊಡ್ಡ ಗೌರವದ ಪದವಿಗೆ, ಈ ವರ್ಷದ ಕಾನ್ಸಲ್ ಅಂತ ನಿಮ್ಮ ಹೆಸರು ಸಾರೋ ಹೊತ್ತಾಯ್ತು, ನಿಮ್ಮ ಮುಖದ ದಂತದ ಫಲಕಗಳೂ ಹಂಚೋಕೆ ಬಂದಿವೆ, ತಾವೇ ಕಳಿಸಿದ ನೇರಳೆ ಉಡುಪನ್ನ ನೀವು ಉಡ್ತೀರೋ, ಒದೀತೀರೋ ನೋಡ್ಬೇಕು ಅಂತ ಚಕ್ರವರ್ತಿಗಳು ಆಗ್ಲೇ ಬಂದು ಕೂತಿದಾರೆ."