ಎಡಗೈ ಮುಷ್ಟಿ

"ಚಾವಿ ಕೊಡವ್ವ," ಎಂದು ಹನುಮಂತರಾಯ ಕೈ ಚಾಚಿದ. ದೀಪಿಕಾ ಈಗಷ್ಟೇ ರಿಪೇರಿಯಾದ ಅವನ ಭತ್ತ ಕೊಯ್ಯುವ ಮಷಿನ್ನಿನ ಚಾವಿಯನ್ನು ಬಲಗೈಯಲ್ಲಿ ಬಿಗಿಹಿಡಿದು ಹಿಂದೆ ಸರಿದಳು. "ನಟ್ಟು ಬಿಗಿಯೋ ಪಾನಾ ಒಂದು ಸಿಗವಲ್ದರೀ. ಅದು ಸಿಗೋತನಕ ಚಾಲೂ ಮಾಡಂಗಿಲ್ಲ." ಲಿಂಗಸುಗೂರಿನ ಕಡೆಯಿಂದ ಮೋಡ ಏರುತ್ತಿತ್ತು. ಅವನ ಅರ್ಧ ಗದ್ದೆ ಇನ್ನೂ ಕೊಯ್ಲಾಗದೆ ನಿಂತಿತ್ತು.

ವಿಮಾನದ ಎಂಜಿನಿಯರಿಂಗ್ ಓದುವ ದೀಪಿಕಾ ಬೇಸಿಗೆ ರಜೆಯಲ್ಲಿ ಮಸ್ಕಿಯ ಸೋದರಮಾವ ಗಾದಿಲಿಂಗನ ಗ್ಯಾರೇಜಿನ ಕೆಲಸಕ್ಕೆ ಸೇರಿದ್ದಳು. "ಇದೇನು ವಿಮಾನೇನವಾ? ಪಾನಾ ಎಲ್ಲೋ ಕೆಸರಾಗ ಬಿದ್ದಿರ್ತದ," ಎಂದು ಗೊಣಗುತ್ತಲೇ ಗಾದಿಲಿಂಗ ಮಷಿನ್ನಿನ ಆಚೆ ಬದಿಗೆ ಹೋಗಿ, ಕಾಳು ಬಿಡಿಸುವ ಡ್ರಮ್ಮಿನೊಳಗೆ ಭುಜದವರೆಗೂ ತೋಳು ಇಳಿಸಿ ತಡಕಾಡತೊಡಗಿದ.

ಮೊದಲ ಹನಿ ಹನುಮಂತರಾಯನ ಮುಂಗೈಗೆ ಬಿತ್ತು. ಅವನು ಮೋಡ ನೋಡುತ್ತಲೇ ಸೀಟು ಹತ್ತಿ, ಉಡದಾರಕ್ಕೆ ಕಟ್ಟಿದ್ದ ಇನ್ನೊಂದು ಚಾವಿ ಬಿಚ್ಚಿದ. ಅದೊಂದು ಇದೆಯೆಂದು ದೀಪಿಕಾಗೆ ಗೊತ್ತೇ ಇರಲಿಲ್ಲ. "ಮಾವಾ, ಕೈ ತಗೀ," ಎಂದು ಅವಳು ಕೂಗುವಷ್ಟರಲ್ಲಿ ಹನುಮಂತರಾಯ ಚಾವಿ ತಿರುವಿಬಿಟ್ಟಿದ್ದ.

ಮಷಿನ್ನು ಮಿಸುಕಲಿಲ್ಲ. ಅವನು ಮತ್ತೊಮ್ಮೆ ತಿರುವಿದ. ಆಗಲೂ ಸದ್ದಿಲ್ಲ. ದೀಪಿಕಾ ಎಡಗೈಯ ಮುಷ್ಟಿ ತೆರೆದಳು. ಕಾಲೇಜಿನ ವಿಮಾನದ ಶೆಡ್ಡಿನಲ್ಲಿ ಕಲಿಸಿದಂತೆ, ರಿಪೇರಿಗೆ ಮೊದಲೇ ಬ್ಯಾಟರಿಯ ತಂತಿ ಕಳಚಿ ತೆಗೆದಿಟ್ಟುಕೊಂಡಿದ್ದ ನಟ್ಟು ಅಂಗೈಯಲ್ಲಿ ಅಚ್ಚೊತ್ತಿತ್ತು.

ಆಚೆ ಬದಿಯಲ್ಲಿ ಗಾದಿಲಿಂಗ ತೋಳನ್ನು ಮೆಲ್ಲಗೆ ಹೊರಗೆಳೆದ. ಕೈಯಲ್ಲಿದ್ದ ಪಾನಾ ಜಾರಿ ಕೆಸರಿಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಳ್ಳುತ್ತಿದ್ದ.